ನೆರಳಿನ ಲೆಕ್ಕ

ಮೊದಲ ಕರಾರು ಇಷ್ಟೇ: ಒಂದೇ ದಿನ,
ಮೂರು ಶಾಲೆ, ಮೀಟರುದ್ದದ ಮೂರು ಕೋಲು,
ನಡುಹಗಲ ನೆರಳು ಅಳೆದು ಬರೆಯುವುದು.

ಸುರಪುರದಲ್ಲಿ ನಾವು
ಪರಸಿಕಲ್ಲಿನ ಸಂದಿಗೆ ಕೋಲು ನೆಟ್ಟೆವು.
ಹನ್ನೆರಡೂವರೆಗೆ ಮೋಡ ಸರಿಯಿತು.
ಟೇಪು ಹಿಡಿದ ಅಯ್ಯಮ್ಮ ಒಂದು ಸುತ್ತು ಹಾಕಿ ಕುಕ್ಕರಿಸಿದಳು:
‘ಟೀಚರ್, ನೆಳ್ಳೇ ಇಲ್ರಿ!’

ಮೂರರ ಮೇಲೆ ಕಿಸುಮುವಿನ ಅಚಿಯೆಂಗ್ ಬರೆದರು: ಮೂವತ್ತು ಸೆಂಟಿಮೀಟರ್.
ತಾರ್ತುವಿನ ಮಾರಿಕಾ: ತೊಂಬತ್ತು.
ಅಲ್ಲಿ ಶಾಲೆಗೆ ರಜೆ,
ಕೋಲು ಹಿಡಿಯಲು ಅವರ ತಾಯಿ ಬಂದಿದ್ದರಂತೆ.

ನಾನು ಸಂಕೋಚದಿಂದ ಸೊನ್ನೆ ಕಳಿಸಿದೆ.
ಸೊನ್ನೆಯೇ? ನೋಡಲು ಹೇಗಿತ್ತು?
ಇಬ್ಬರದೂ ಅದೇ ಪ್ರಶ್ನೆ.

ಏನು ಹೇಳಲಿ. ಅವರ ಇಂಗ್ಲಿಷೂ ನನ್ನದರ ಹಾಗೆ
ನಿಂತು ನಿಂತು ಬರುತ್ತದೆ.
ಕೋಲಿನ ಬುಡಕ್ಕೆ ಅಯ್ಯಮ್ಮ ಸೀಮೆಸುಣ್ಣದಲ್ಲಿ
ಎಳೆದ ವೃತ್ತದ ಫೋಟೊ ಕಳಿಸಿದೆ.

ಸಂಜೆಯ ಮಳೆಗೆ ವೃತ್ತ ಹೋಯಿತು.
ಕೋಲು ಕೀಳಬೇಡಿ ಅಂದಿದ್ದೇನೆ.