ಕೂಗುವ ಪೆಟ್ಟಿಗೆ

ಡುಲೂತಿನ ಇಗರ್ಜಿಯ ನೆಲಮಾಳಿಗೆಯಲ್ಲಿ
ನಲವತ್ತು ವರ್ಷ ಬಿಂಗೋ ಅಂಕೆ ಕೂಗಿದ ಪೆಟ್ಟಿಗೆ
ಹನ್ನೆರಡು ಡಾಲರಿಗೆ ಇಲ್ಮಾಳ ಮೇಜಿಗೆ ಬಂತು.

ತುಕ್ಕು ತಿರುಪು ನಾಲ್ಕು. ಐದನೆಯದು ಹಟಮಾರಿ.
ಒಳಗೆ ಧೂಳು, ಯಾರದೋ ಹೇರ್‌ಪಿನ್ನು, ಒಣಗಿದ ಜೇಡ.
ಈಗಷ್ಟೇ ಹಚ್ಚಿ ಆರಿಸಿದ್ದಾಳೆ;
ಕೆಪಾಸಿಟರು ಇನ್ನೂ ಹಗೆ ಹಿಡಿದಿರಬಹುದು.
ಎಡಗೈ ಜೇಬಿನಲ್ಲಿ. ಬಲಗೈ ಮಾತ್ರ ಒಳಗೆ,
ಮಲಗಿದ ನಾಯಿಯ ಬಟ್ಟಲು ಎತ್ತುವವರ ಹಾಗೆ.

ಮೈಕಿನ ತೂತು ದೊಡ್ಡದು ಮಾಡಿ ಗಿಟಾರಿನ ಜ್ಯಾಕು ಕೂರಿಸಿದಳು.
ಮೂರು ಕಾಲಿನ ಪ್ಲಗ್ಗು, ನೆಲಕ್ಕೊಂದು ತಂತಿ.
ಮಾತಿಗೆ ಬೇಡವೆಂದು ಹೊರಗಿಟ್ಟಿದ್ದ ತಗ್ಗು ದನಿಗೆ
ಬಾಗಿಲು ತೆಗೆದಳು.
ಗುಂಡಿಯ ಕೆಳಗಿನ ‘ಮೈಕ್ ೨’ ಅಳಿಸಲು ಮನಸ್ಸಾಗಲಿಲ್ಲ.

ವಾಲ್ವುಗಳು ನಿಧಾನ ಕೆಂಪಾದವು,
ಬೂದಿ ಊದಿದ ಮೇಲಿನ ಕೆಂಡ.
ಸುಟ್ಟ ಧೂಳಿನ ವಾಸನೆ. ಗುಂಯ್‌ ಎಂಬ ಒಂದೇ ಉಸಿರು.
ಆಮೇಲೆ ಮೂರೇ ಕಾರ್ಡು, ಹೆಸರು ಗೊಣಗುತ್ತ ನುಡಿಸಿದಳು:
ಇ, ಎ, ಬಿ ಸೆವೆನ್.
ಅಂಚು ಹರಿದ ದನಿ, ನಡುವೆ ಜೇನು.

ಮೂಲೆಯಲ್ಲಿ ಮುದುಕ ಟೊಯ್ವೊ,
ಒಂದು ಕಾಲಕ್ಕೆ ಅಂಕೆ ಕೂಗುತ್ತಿದ್ದವನು,
ಕಿವಿಯ ಯಂತ್ರ ತಿರುವಿಕೊಂಡು ಪೂರ್ತಿ ಕೇಳಿದ.
ಖಾಲಿ ಕುರ್ಚಿಗಳತ್ತ ಕಣ್ಣಾಡಿಸಿದ:

“ಬಿ ಸೆವೆನ್ ಅಂತ ಎಷ್ಟು ಸಲ ಕೂಗೋದು,
ಯಾರ ಹತ್ರಾನೂ ಇಲ್ವಾ?”