ಒಂಟಿ ಸೀನು

ನವೆಂಬರ್. ಹ್ಯಾಮಿಲ್ಟನ್ನಿನ ಔಷಧಿ ಅಂಗಡಿ ಮುಂದೆ
ಕರಿಹಲಗೆಯ ಮೇಲೆ ಗ್ಲೆನಿಸ್ ಬರೆಯುತ್ತಾಳೆ:
ರೈ ಹುಲ್ಲು, ನೂರಾ ಹನ್ನೆರಡು.
ತಾರಸಿಯ ಗಾಜುಪಟ್ಟಿಗೆ ರಾತ್ರಿಯೆಲ್ಲ ಅಂಟಿದ ಪರಾಗ
ಒಂದೊಂದೇ ಎಣಿಸಿದ್ದಾಳೆ,
ಸಾಸಿವೆಯ ಲೆಕ್ಕ ಕೊಡಬೇಕಾದವಳ ಹಾಗೆ.

ಬಡಗಣ ಗಾಳಿ, ಒಣ.
ಮಳೆ ಬಂದರೆ ತೊಳೆದುಹೋಗುತ್ತಲ್ಲ, ಅಂದೆ.
ಗುಡುಗಿ ಬಂದರೆ ಒಡೆಯುತ್ತವೆ, ಅಂದಳು,
ಒಂದು ನೂರಾಗಿ ಎದೆಗಿಳಿಯುತ್ತವೆ.
ಮೋಡ ಕಂಡು ಹೆದರುವುದನ್ನು
ಈ ಊರಲ್ಲಿ ಕಲಿತೆ.

ಸೀನಿದೆ. ಒಂದೇ.
ಸೋದರತ್ತೆ ಇದ್ದಿದ್ದರೆ ಹೊಸ್ತಿಲಲ್ಲೇ ಕೂರಿಸಿ
ನೀರು ಕುಡಿಸಿ
ಇನ್ನೊಂದಕ್ಕೆ ಕಾಯುತ್ತಿದ್ದಳು.
ಗ್ಲೆನಿಸ್ ನನ್ನನ್ನೊಮ್ಮೆ ನೋಡಿ
ಲೆಕ್ಕದ ಕೆಳಗೆ ಸಣ್ಣಗೆ ಸೇರಿಸಿದಳು:
ಇನ್‌ಹೇಲರ್ ಜೇಬಲ್ಲಿರಲಿ.

ಎರಡನೆಯ ಸೀನು
ಎದುರಿನ ಬೇಕರಿಯಿಂದ ಬಂತು.