ಹೆಸರಲ್ಲಿ ಎರಡು ಪೌಂಡು

ತಾಳಗುಪ್ಪದ ನಮ್ಮ ಹೈಸ್ಕೂಲಿಗೆ ಕಂಪ್ಯೂಟರು ಹನ್ನೊಂದು.
ದುಡ್ಡು ಕೊಟ್ಟು ತಂದ ಆಫೀಸು ಇರುವುದು ಎರಡರಲ್ಲಿ:
ಒಂದು ಹೆಡ್‌ಮಾಸ್ಟರ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ,
ಇನ್ನೊಂದು ಗುಮಾಸ್ತ ದ್ಯಾವಪ್ಪನವರ ಮೇಜಿನ ಮೇಲೆ,
ವರ್ಷವರ್ಷವೂ ಗೇಣಿ ಕಟ್ಟಿಸಿಕೊಳ್ಳುತ್ತ.
ಉಳಿದ ಒಂಬತ್ತು, ಸೈಕಲ್ ಶೆಡ್ಡಿನ ಪಕ್ಕದ ಲ್ಯಾಬಿನವು,
ಯಾರ್ಯಾರೋ ಬರೆದು
ಬೇಕಾದವರು ಬಳಸಿ, ಬೇಕಾದರೆ ಬದಲಿಸಿ ಅಂತ
ಬಿಟ್ಟುಕೊಟ್ಟಿದ್ದರ ಮೇಲೆ ನಡೆಯುತ್ತವೆ.

‘ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು’
ಎಂದರು ದ್ಯಾವಪ್ಪ, ಕನ್ನಡಕದ ಮೇಲಿಂದ ನೋಡಿ.
‘ನಿಮ್ಮನೆ ಮೊಸರಿಗೆ ಹೆಪ್ಪು ಎಷ್ಟಕ್ಕೆ ತಂದಿರಿ?’
ಅಂದೆ ನಾನು.
ಅವರು ಸೀಲು ಒತ್ತುವುದು ಜಾಸ್ತಿಯಾಯಿತು.

ಅರ್ಧವಾರ್ಷಿಕ ಪರೀಕ್ಷೆಗೆ ಮೂರು ದಿನವಿತ್ತು.
ಅವರ ಮೇಜಿಂದ ಪೆನ್‌ಡ್ರೈವಿನಲ್ಲಿ
ಎಂಟನೇ ಬಿ-ಯ ಹೆಸರಿನ ಪಟ್ಟಿ ತಂದು ಲ್ಯಾಬಿನಲ್ಲಿ ತೆರೆದರೆ
ಕನ್ನಡವೇ ಇಲ್ಲ.
ಟೊಪ್ಪಿ ಹಾಕಿದ ಇಂಗ್ಲಿಷ್ ಎ-ಗಳ ಮೆರವಣಿಗೆ,
ಒತ್ತಕ್ಷರವಿದ್ದಲ್ಲಿ ತಲೆ ಮೇಲೆ ಎರಡು ಚುಕ್ಕೆ,
‘ನ’ ಇದ್ದ ಕಡೆಯೆಲ್ಲ ಪೌಂಡಿನ ಗುರುತು.

ಹಳೆಯ ಫಾಂಟು. ಒಳಗೆ ಅಕ್ಷರ ಯಾರದೋ,
ಹೊರಗೆ ಕನ್ನಡದ ಬಣ್ಣ.
ಇದು ಆ ಆಫೀಸಿನ ತಪ್ಪೂ ಅಲ್ಲ, ಈ ಆಫೀಸಿನದೂ ಅಲ್ಲ
ಎಂದು ನಾನು ಪಾಠ ಶುರುಮಾಡುವಷ್ಟರಲ್ಲಿ
ನಾಜನೀನ್ ಎದ್ದು ನಿಂತಳು:
‘ಟೀಚರ್, ನನ್ನ ಹೆಸರಲ್ಲಿ ಎರಡು ಪೌಂಡಿದೆ!
ಒಂದು ಮಾರಿದರೆ ಶೂ ಬರುತ್ತಾ?’
ಹುಚ್ಚಪ್ಪ ತನ್ನ ಹೆಸರಲ್ಲಿ ಹುಡುಕಿ ಹುಡುಕಿ
ಒಂದೂ ಸಿಗದೆ ಮುಖ ಸಣ್ಣ ಮಾಡಿದ.

ನಲವತ್ತೆರಡು ಹೆಸರು. ಯಾರು ಹೊಡೆಯಬೇಕು?
ಅವರವರದ್ದು ಅವರವರೇ, ಅಂದೆ.
ಸಾಲು ನಿಂತರು, ರೇಷನ್ನಿಗೆ ನಿಂತ ಹಾಗೆ.
ಸಾಲ್ವದೋರ್ ‘ದೋ’ಗೆ ದೀರ್ಘ ಹುಡುಕುತ್ತ ಐದು ನಿಮಿಷ ತಗೊಂಡ.
ಗುತ್ಯಮ್ಮ ‘ಮ’ಗೆ ‘ಮ’ ಒತ್ತಾಗಿ ಕೂತ ಕ್ಷಣ
ಕೈ ಹಿಂದೆಳೆದುಕೊಂಡಳು, ಬಿಸಿ ಮುಟ್ಟಿದವಳಂತೆ.
ಅಷ್ಟು ದಿನ ಆ ಹೆಸರನ್ನು ಅವಳಿಗಾಗಿ
ಬೇರೆಯವರೇ ಬರೆದಿದ್ದರು.

ನಾಜನೀನ್ ಮಾತ್ರ ಎದ್ದು ಹೋಗಲಿಲ್ಲ.
ಮೆನುವಿನ ಕನ್ನಡ ಓದುತ್ತ ಕೂತಳು.
‘ಅಂಟಿಸು ಸರಿ, ಟೀಚರ್. ಉಳಿಸು ಸರಿ.
ಇದೇನು, ರದ್ದುಗೊಳಿಸು?
ರದ್ದಾಗೋದು ರೇಷನ್ ಕಾರ್ಡು.
ಹೊಲಿಗೆ ತಪ್ಪಿದರೆ ಅಮ್ಮಿ ಬಿಚ್ಚು ಅಂತಾಳೆ.
ಬಿಚ್ಚು ಅಂದರೆ ಆಗಲ್ವಾ?
ಯಾರು ಬರೆದಿದ್ದು ಇದನ್ನ?’
ಯಾರೋ, ನಮ್ಮಂಥವರು.
‘ಹಾಗಾದರೆ ನಾವು ತಿದ್ದಬಹುದಾ?’

ಹದಿನಾರು ವರ್ಷ ಕನ್ನಡ ಕಲಿಸಿದ್ದೇನೆ.
ಅಚ್ಚಾಗಿ ಬಂದಿದ್ದನ್ನು ತಿದ್ದಬಹುದಾ ಅಂತ
ಒಂದು ಮಗುವೂ ಕೇಳಿರಲಿಲ್ಲ.
ನಾನೂ ಕೇಳಿಕೊಂಡಿರಲಿಲ್ಲ.
ಮರಳ ಮೇಲೆ ಬೆರಳಿಟ್ಟು ಮೊದಲ ಅಕ್ಷರ ಬರೆಯುವುದಕ್ಕೂ
ತಪ್ಪನ್ನು ಸರಿಮಾಡುವುದಕ್ಕೂ
ನಮ್ಮಲ್ಲಿ ಒಂದೇ ಮಾತಿದೆ, ತಿದ್ದು.
ಅದು ಹೊಳೆದದ್ದೇ ಆ ಮಧ್ಯಾಹ್ನ,
ಅಕ್ಷರದಾಸೋಹದ ಸಾರಿನ ವಾಸನೆಯ ನಡುವೆ.

ಸಾಗರದ ಕಚೇರಿಗೆ ಮಾತ್ರ ಪಟ್ಟಿ ಅವರ ನಮೂನೆಯಲ್ಲೇ ಬೇಕು.
ಭತ್ತ ನಮ್ಮದು, ಕೊಳಗ ಅವರದು:
ಈ ಸೀಮೆಯಲ್ಲಿ ಈ ಮಾತಿಗೆ ವಯಸ್ಸಾಗಿದೆ.
ಇರಲಿ, ಅವರ ಕೊಳಗದಲ್ಲೇ ಅಳೆದು ಕಳಿಸಿದೆವು,
ನಮ್ಮ ಪ್ರತಿಯೊಂದು ನಮ್ಮಲ್ಲಿ ಇಟ್ಟುಕೊಂಡು.
ಜಗಳವೇನೂ ಆಗಲಿಲ್ಲ. ಪಟ್ಟಿಯ ಒಂದು ಗೆರೆ
ಕೂದಲೆಳೆಯಷ್ಟು ಸರಿದಿತ್ತು, ಅಷ್ಟೇ.

‘ಬಿಚ್ಚು’ ಬರೆದು ಕಳಿಸಿ ಎರಡು ತಿಂಗಳಾಯಿತು.
ಒಪ್ಪಿದರೋ ಇಲ್ಲವೋ, ಉತ್ತರ ಬಂದಿಲ್ಲ.
ಏಳನೇ ಮಾನಿಟರಿನ ಕೆಳಗೆ ಒಂದು ಚೀಟಿ ಅಂಟಿದೆ,
ಅನ್ನದ ಅಗುಳಿನಲ್ಲಿ.

ನಿನ್ನೆ ಕರೆಂಟು ಹೋಗಿ ಬಂದ ಮೇಲೆ
ಸಂಬಳದ ಬಿಲ್ಲಿನಲ್ಲಿ ಏನೋ ಅಳಿಸಿಕೊಂಡು ಕೂತ ದ್ಯಾವಪ್ಪ,
ಕಿಟಕಿಯಿಂದಲೇ ಲ್ಯಾಬಿನ ಕಡೆ ಕೂಗಿದರು:
‘ಏ ನಾಜನೀನ್,
ಆ ಬಿಚ್ಚೋದು ಎಲ್ಲಿ ಒತ್ತಬೇಕೇ?’